ಅಚ್ಚು ಒಂದು, ಮೈ ಹಲವು: ವಿನೈಲ್ ಗೊಂಬೆಗಳೂ ಅವನ್ನು ತಿದ್ದುವ ಕಲಾವಿದರೂ

ದಸರೆಯಲ್ಲಿ ಹಳೆ ಮೈಸೂರಿನ ಕಡೆಯ ಮನೆಗಳಲ್ಲಿ ಗೊಂಬೆ ಕೂರಿಸುವುದನ್ನು ಕಂಡವರಿಗೆ, ಆಡುವುದಕ್ಕಲ್ಲದೆ ನೋಡುವುದಕ್ಕೆಂದೇ ಇರುವ ಗೊಂಬೆಗಳ ವಿಚಾರ ಹೊಸದಲ್ಲ. ಪಟ್ಟದ ಗೊಂಬೆಗಳು ವರ್ಷಕ್ಕೊಮ್ಮೆ ಹೊರಗೆ ಬಂದು, ಮಿಕ್ಕ ದಿನಗಳಲ್ಲಿ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಕೊಂಡು ಪೆಟ್ಟಿಗೆಯಲ್ಲಿ ಮಲಗಿರುತ್ತವೆ. ಮಕ್ಕಳು ಕೈ ಚಾಚಿದರೆ ಅಜ್ಜಿಯ ಗದರಿಕೆ ಖಚಿತ. ಕಳೆದ ಸುಮಾರು 25 ವರ್ಷಗಳಲ್ಲಿ ಹಾಂಗ್‌ಕಾಂಗ್, ಟೋಕಿಯೊ ಮತ್ತು ಅಮೆರಿಕದ ನಗರಗಳಲ್ಲಿ ಬೆಳೆದುಬಂದ ‘ಡಿಸೈನರ್ ಟಾಯ್’ ಅಥವಾ ‘ಆರ್ಟ್ ಟಾಯ್’ ಎಂಬ ವಿನೈಲ್ ಗೊಂಬೆಗಳಿಗೂ ಇಂಥದೇ ಗದರಿಕೆಯ ಕಾವಲಿದೆ. ಆದರೆ ಈ ಲೋಕದಲ್ಲಿ ಒಂದು ವಿಚಿತ್ರವಿದೆ. ಪೆಟ್ಟಿಗೆಯನ್ನು ಒಡೆಯದೆಯೇ ಇಟ್ಟುಕೊಳ್ಳುವ ಸಂಗ್ರಾಹಕರ ಪಕ್ಕದಲ್ಲೇ, ಅದೇ ಗೊಂಬೆಯನ್ನು ಕೊಂಡುತಂದು ಅದರ ತಲೆ ಕಿತ್ತು, ಕಿವಿ ಕೊಯ್ದು, ಮೈಗೆ ಹೊಸ ಬಣ್ಣ ಬಳಿಯುವ ಕಲಾವಿದರಿದ್ದಾರೆ. ಅವರು ಹೀಗೆ ‘ಕೆಡಿಸಿದ’ ಗೊಂಬೆ ಅನೇಕ ವೇಳೆ ಮೂಲಕ್ಕಿಂತ ಹೆಚ್ಚಿನ ಬೆಲೆಗೆ ಹೋಗುತ್ತದೆ. ಇದು ಹೇಗೆ ಸಾಧ್ಯವಾಯಿತು ಎಂಬುದನ್ನು ತಿಳಿಯಬೇಕಾದರೆ ಮೊದಲು ಗೊಂಬೆಯ ಅಚ್ಚನ್ನು ನೋಡಬೇಕು, ಏಕೆಂದರೆ ಈ ಇಡೀ ವ್ಯವಹಾರದ ಗುಟ್ಟು ಇರುವುದು ಅಲ್ಲಿ.

ಎಲ್ಲರೂ ವಿನೈಲ್ ಎಂದು ಕರೆಯುವುದು ಪಿವಿಸಿಯನ್ನು, ಅಂದರೆ ಮನೆಯ ನೀರಿನ ಪೈಪಿಗೆ ಬಳಸುವ ಪ್ಲಾಸ್ಟಿಕ್ಕನ್ನೇ. ಪೈಪು ಗಟ್ಟಿಯಾಗಿದ್ದು ಗೊಂಬೆ ಮೆತ್ತಗಿರುವುದಕ್ಕೆ ಕಾರಣ ಅದರಲ್ಲಿ ಬೆರೆತಿರುವ ಪ್ಲಾಸ್ಟಿಸೈಸರ್ ಎಂಬ ಎಣ್ಣೆಯಂಥ ದ್ರವ. ಪಿವಿಸಿ ಪುಡಿಯನ್ನು ಈ ದ್ರವದಲ್ಲಿ ಕಲಸಿದಾಗ ದೋಸೆ ಹಿಟ್ಟಿನಂಥ ಹದವೊಂದು ಸಿಗುತ್ತದೆ. ಅದಕ್ಕೆ ಪ್ಲಾಸ್ಟಿಸಾಲ್ ಎಂದು ಹೆಸರು. ಜಪಾನಿನ ಕುಶಲಕರ್ಮಿಗಳು ಇದನ್ನು ಲೋಹದ ಅಚ್ಚಿಗೆ ಸುರಿದು, ಅಚ್ಚನ್ನು ಕಾದ ಎಣ್ಣೆಯಲ್ಲಿ ಇಳಿಬಿಡುತ್ತಾರೆ. ಕಾವಲಿಗೆ ತಾಗಿದ ಹಿಟ್ಟು ಮೊದಲು ಬೇಯುವಂತೆ, ಅಚ್ಚಿನ ಗೋಡೆಗೆ ಅಂಟಿದ ಪದರ ಮೊದಲು ಗಟ್ಟಿಯಾಗುತ್ತದೆ. ಆಗ ನಡುವೆ ಉಳಿದ ದ್ರವವನ್ನು ಹೊರಗೆ ಸುರಿದು, ಒಳಗಿನ ಪದರವನ್ನು ಮತ್ತೆ ಕಾಯಿಸಿ, ನೀರಿನಲ್ಲಿ ಸ್ವಲ್ಪ ಆರಿಸಿ, ಗೊಂಬೆಯಿನ್ನೂ ಬೆಚ್ಚಗೆ ಮೆತ್ತಗಿರುವಾಗಲೇ ಇಕ್ಕಳದಿಂದ ಅದನ್ನು ಅಚ್ಚಿನ ಚಿಕ್ಕ ಬಾಯಿಯ ಮೂಲಕ ಎಳೆದು ತೆಗೆಯುತ್ತಾರೆ. ಹೊಟ್ಟೆ ದೊಡ್ಡದು, ಬಾಯಿ ಚಿಕ್ಕದು. ಆದರೂ ಬಿಸಿ ವಿನೈಲ್ ಮುದುಡಿಕೊಂಡು ಹೊರಬಂದು ತಿರುಗಿ ತನ್ನ ಆಕಾರಕ್ಕೆ ಅರಳುತ್ತದೆ. ಎರಡು ಹೋಳುಗಳನ್ನು ಜೋಡಿಸಿದ ಗೆರೆ ಇಂಥ ಗೊಂಬೆಯ ಮೈಮೇಲೆ ಕಾಣದಿರುವುದು ಈ ಕಾರಣದಿಂದ. ಜಪಾನಿನಲ್ಲಿ ಇದನ್ನು ‘ಸೊಫುಬಿ’ ಎನ್ನುತ್ತಾರೆ; ಸಾಫ್ಟ್ ವಿನೈಲ್ ಎಂಬುದರ ಜಪಾನೀ ಉಚ್ಚಾರಣೆಯನ್ನು ಮೊಟಕುಗೊಳಿಸಿದ ಪದವದು. ದೊಡ್ಡ ಕಾರ್ಖಾನೆಗಳಲ್ಲಿ ಕಾದ ಎಣ್ಣೆಯ ಬದಲು ಒಲೆಯೊಳಗೆ ಅಚ್ಚನ್ನು ಎಲ್ಲ ದಿಕ್ಕುಗಳಿಗೂ ತಿರುಗಿಸುವ ಯಂತ್ರವಿರುತ್ತದೆ. ಹೇಗೆ ಮಾಡಿದರೂ ಗೊಂಬೆ ಒಳಗೆ ಟೊಳ್ಳು.

ಅಚ್ಚನ್ನು ಮಾಡುವ ಕೆಲಸ ಇದಕ್ಕಿಂತ ನಿಧಾನದ್ದು. ಶಿಲ್ಪಿ ಜೇಡಿಮಣ್ಣಿನಲ್ಲೋ ಕಂಪ್ಯೂಟರಿನಲ್ಲೋ ರೂಪಿಸಿದ ಮೂಲದಿಂದ ಮೇಣದ ಪ್ರತಿಯೊಂದನ್ನು ತೆಗೆದು, ಅದಕ್ಕೆ ವಿದ್ಯುತ್ ಹರಿಯುವಂಥ ಲೇಪ ಕೊಟ್ಟು, ಲೋಹದ ಲವಣ ಕರಗಿಸಿದ ದ್ರಾವಣದಲ್ಲಿ ಮುಳುಗಿಸುತ್ತಾರೆ. ದಿನಗಟ್ಟಲೆ ವಿದ್ಯುತ್ ಹರಿಸಿದಾಗ ಮೇಣದ ಸುತ್ತ ಲೋಹದ ಚಿಪ್ಪು ಬೆಳೆಯುತ್ತದೆ. ಆಮೇಲೆ ಮೇಣವನ್ನು ಕರಗಿಸಿ ತೆಗೆದರೆ ಉಳಿಯುವುದೇ ಅಚ್ಚು. ತಲೆಗೆ ಒಂದು, ಮುಂಡಕ್ಕೆ ಒಂದು, ಕೈಗಳಿಗೆ ಬೇರೆ, ಕಾಲುಗಳಿಗೆ ಬೇರೆ. ಗೊಂಬೆಯೊಂದನ್ನು ಮಾರುಕಟ್ಟೆಗೆ ತರುವ ಖರ್ಚಿನ ದೊಡ್ಡ ಪಾಲು ಇಲ್ಲೇ ಮುಗಿದುಹೋಗುತ್ತದೆ. ಆದರೆ ಒಮ್ಮೆ ಅಚ್ಚು ಕೈಗೆ ಬಂತೆಂದರೆ ಅದರಿಂದ ಸಾವಿರಾರು ಎರಕಗಳನ್ನು ತೆಗೆಯಬಹುದು, ಮತ್ತು ಪ್ರತಿ ಬಾರಿ ಬಣ್ಣ ಬದಲಿಸುವುದಕ್ಕೆ ಹೆಚ್ಚು ಹಣ ಬೇಕಾಗುವುದಿಲ್ಲ. ಆಕಾರ ದುಬಾರಿ, ಬಣ್ಣ ಅಗ್ಗ. ಒಂದೇ ಗೊಂಬೆ ಹತ್ತಾರು ಬಣ್ಣಗಳಲ್ಲಿ ಬರುವುದು, ಒಂದೇ ಆಕಾರಕ್ಕೆ ನೂರಾರು ಕಲಾವಿದರು ಚಿತ್ರ ಬರೆಯುವುದು, ಏನೂ ಬರೆಯದ ಬೋಳು ಗೊಂಬೆಯನ್ನೇ ಅಂಗಡಿಯಲ್ಲಿ ಮಾರುವುದು, ಇವೆಲ್ಲವೂ ಈ ಒಂದು ಲೆಕ್ಕಾಚಾರದಿಂದ ಹುಟ್ಟಿದವು.

ಸೊಫುಬಿಗೆ ಜಪಾನಿನಲ್ಲಿ ಹಳೆಯ ಬೇರಿದೆ. 1966ರ ಹೊತ್ತಿಗೆ ಮಾರುಸಾನ್ ಎಂಬ ಕಂಪನಿ ಗಾಡ್ಜಿಲಾದಂಥ ದೈತ್ಯಪ್ರಾಣಿಗಳ ವಿನೈಲ್ ಗೊಂಬೆಗಳನ್ನು ಮಕ್ಕಳಿಗಾಗಿ ಮಾಡುತ್ತಿತ್ತು. ಆ ದೈತ್ಯರನ್ನು ಅಲ್ಲಿ ‘ಕೈಜು’ ಎನ್ನುತ್ತಾರೆ. ಆ ಗೊಂಬೆಗಳೊಂದಿಗೆ ಬೆಳೆದ ಪೀಳಿಗೆ 1990ರ ದಶಕದಲ್ಲಿ ದುಡಿಯುವ ವಯಸ್ಸಿಗೆ ಬಂದಾಗ, ಗೊಂಬೆಯ ಮೇಲಿನ ಮೋಹ ದೊಡ್ಡವರ ಬಟ್ಟೆ, ಸಂಗೀತ ಮತ್ತು ಸ್ಕೇಟ್‌ಬೋರ್ಡಿನ ಲೋಕದೊಂದಿಗೆ ಬೆರೆಯಿತು. ಟೋಕಿಯೊದ ಹರಾಜುಕು ಬಡಾವಣೆಯಲ್ಲಿ 1995ರಲ್ಲಿ ಶುರುವಾದ ಬೌಂಟಿ ಹಂಟರ್ ಎಂಬ ಬಟ್ಟೆಯಂಗಡಿ ಅಂಥವರ ತಾಣವಾಗಿತ್ತು. ಅದು 1997ರಲ್ಲಿ ‘ಕಿಡ್ ಹಂಟರ್’ ಎಂಬ ತನ್ನದೇ ವಿನೈಲ್ ಗೊಂಬೆಯನ್ನು ಹೊರತಂದಿತು.

ಇನ್ನೊಂದು ಕವಲು ಹಾಂಗ್‌ಕಾಂಗಿನದು, ನಮ್ಮ ವಿಷಯಕ್ಕೆ ಅದೇ ಹೆಚ್ಚು ಮುಖ್ಯ. ಮೈಕೆಲ್ ಲೌ ಎಂಬ ಕಲಾವಿದ ಜಿ.ಐ. ಜೋ ಮಾದರಿಯ 12 ಅಂಗುಲದ ಸೈನಿಕ ಗೊಂಬೆಗಳನ್ನು ತೆಗೆದುಕೊಂಡು, ಅವುಗಳ ಮುಖ ಬದಲಿಸಿ, ಜೋಲು ಪ್ಯಾಂಟು, ದೊಡ್ಡ ಬೂಟು, ಟೋಪಿ, ಕಿವಿಯೋಲೆಗಳನ್ನು ತೊಡಿಸಿ, ತನ್ನ ನಗರದ ಬೀದಿಯ ಹುಡುಗರನ್ನಾಗಿ ಮಾಡಿದರು. ‘ಗಾರ್ಡನರ್’ ಎಂಬ ಹೆಸರಿನ ಈ ಬಳಗವನ್ನು ಅವರು 1999ರಲ್ಲಿ ಹಾಂಗ್‌ಕಾಂಗಿನಲ್ಲಿ ಪ್ರದರ್ಶನಕ್ಕಿಟ್ಟರು, ಮತ್ತು ಡಿಸೈನರ್ ಟಾಯ್‌ಗಳ ಚರಿತ್ರೆಯನ್ನು ಅನೇಕರು ಆ ಪ್ರದರ್ಶನದಿಂದಲೇ ಆರಂಭಿಸುತ್ತಾರೆ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಲೌ ಮಾಡಿದ್ದು ಬೇರೆಯವರ ಅಚ್ಚಿನಿಂದ ಬಂದ ಗೊಂಬೆಯನ್ನು ತಿದ್ದುವ ಕೆಲಸವನ್ನೇ. ಕಂಪನಿಗಳು ಮೊದಲು ಬಂದವು, ಅಭಿಮಾನಿಗಳು ಆಮೇಲೆ ತಿದ್ದತೊಡಗಿದರು ಎಂಬ ವಾಡಿಕೆಯ ಕಥನ ತಲೆಕೆಳಗಾಗಿದೆ ಎಂದು ನನಗನ್ನಿಸುವುದು ಇದರಿಂದಾಗಿ.

ಕಾಸ್ ಎಂಬ ಹೆಸರಿನಿಂದ ಪ್ರಸಿದ್ಧರಾದ ಅಮೆರಿಕದ ಬ್ರಯಾನ್ ಡಾನೆಲಿ ಅವರ ದಾರಿಯೂ ಬೇರೆಯಲ್ಲ. 1990ರ ದಶಕದ ನ್ಯೂಯಾರ್ಕಿನಲ್ಲಿ ಅವರು ಬಸ್ ನಿಲ್ದಾಣಗಳ ಜಾಹೀರಾತು ಚಿತ್ರಗಳನ್ನು ಬಿಚ್ಚಿ ಒಯ್ದು, ಅವುಗಳ ಮೇಲೆ ತಮ್ಮ ಆಕೃತಿಗಳನ್ನು ಬರೆದು, ಮರಳಿ ಅದೇ ಜಾಗದಲ್ಲಿ ಇಟ್ಟುಬರುತ್ತಿದ್ದರು. ಬೇರೆಯವರು ಸಿದ್ಧಪಡಿಸಿದ ಮೇಲ್ಮೈಯನ್ನು ವಶಮಾಡಿಕೊಳ್ಳುವ ಇದೇ ಚಾಳಿ 1999ರಲ್ಲಿ ಬೌಂಟಿ ಹಂಟರ್ ಜೊತೆ ಸೇರಿ ಮಾಡಿದ ‘ಕಂಪ್ಯಾನಿಯನ್’ ಗೊಂಬೆಯಲ್ಲೂ ಕಾಣುತ್ತದೆ: ಮಿಕ್ಕಿ ಮೌಸಿನ ಮೈಕಟ್ಟು, ತಲೆಬುರುಡೆಯ ಮುಖ, ಕಣ್ಣಿರಬೇಕಾದಲ್ಲಿ ಎರಡು X ಗುರುತು. ಆಗ ಮಾಡಿದ್ದು ಸೀಮಿತ ಸಂಖ್ಯೆಯ ಗೊಂಬೆಗಳನ್ನಷ್ಟೆ. ಅದೇ ಕಲಾವಿದರ ಚಿತ್ರವೊಂದು 2019ರಲ್ಲಿ ಹಾಂಗ್‌ಕಾಂಗಿನ ಸದಬೀಸ್ ಹರಾಜಿನಲ್ಲಿ ಸುಮಾರು 1.48 ಕೋಟಿ ಡಾಲರಿಗೆ ಮಾರಾಟವಾಯಿತು. ‘ಕಾಸ್’ ಎಂಬ ಹೆಸರು ಕೇಳಿದ ಕನ್ನಡಿಗರಿಗೆ ನಗು ಬಂದರೆ ಆಶ್ಚರ್ಯವಿಲ್ಲ.

ಟೋಕಿಯೊದ ಮೆಡಿಕಾಂ ಟಾಯ್ ಕಂಪನಿ 2001ರ ಮೇ ತಿಂಗಳಲ್ಲಿ ಒಂದು ಸಮಾವೇಶಕ್ಕೆ ಬಂದವರಿಗೆ ಉಚಿತ ಉಡುಗೊರೆಯಾಗಿ ಕೊಟ್ಟ ಪುಟ್ಟ ಕರಡಿಯ ಹೆಸರು ಬೇರ್‌ಬ್ರಿಕ್. ಒಂದೇ ಆಕಾರ, ಅದರ ಮೇಲೆ ಎಷ್ಟು ಬೇಕಾದರೂ ಚಿತ್ತಾರ ಎಂಬ ತತ್ವವನ್ನು ಅತ್ಯಂತ ಶಿಸ್ತಿನಿಂದ ಪಾಲಿಸಿದ್ದು ಈ ಕರಡಿ. ಅದರ ಅಳತೆಗಳೂ ಶೇಕಡಾವಾರು: 7 ಸೆಂಟಿಮೀಟರಿನ ಕರಡಿ ‘100 ಪರ್ಸೆಂಟ್’, 28 ಸೆಂಟಿಮೀಟರಿನದು ‘400’, 70 ಸೆಂಟಿಮೀಟರಿನದು ‘1000’. ಪುಟ್ಟ ಕರಡಿಗಳು ವಿನೈಲಿನವಲ್ಲ, ಗಟ್ಟಿ ಎಬಿಎಸ್ ಪ್ಲಾಸ್ಟಿಕ್ಕಿನವು. ಆದರೂ ಸಂಗ್ರಾಹಕರು ಅವನ್ನು ಈ ಕುಟುಂಬದಲ್ಲೇ ಕೂರಿಸುತ್ತಾರೆ. ಹೀಗೆ ಹಲವು ಚಿತ್ತಾರಗಳಿಗೆ ಆಧಾರವಾಗುವ ಒಂದೇ ಆಕಾರಕ್ಕೆ ಈ ವಲಯದಲ್ಲಿ ‘ಪ್ಲಾಟ್‌ಫಾರ್ಮ್’ ಎಂದು ಹೆಸರು.

ಅಮೆರಿಕದಲ್ಲಿ ಪಾಲ್ ಬಡ್ನಿಟ್ಸ್ 2002ರಲ್ಲಿ ಕಿಡ್‌ರೋಬಾಟ್ ಕಂಪನಿಯನ್ನು ಸ್ಥಾಪಿಸಿದರು. ಅವರೂ ಟ್ರಿಸ್ಟನ್ ಈಟನ್ ಎಂಬ ಕಲಾವಿದರೂ ಸೇರಿ ರೂಪಿಸಿದ ‘ಡನ್ನಿ’ 2004ರಲ್ಲಿ ಹೊರಬಂತು: ಉದ್ದ ಕಿವಿಯ, ಗುಂಡು ತಲೆಯ, ಮೊಲದಂಥ ಆಕೃತಿ. ಮರುವರ್ಷ ಬಂದ ‘ಮನ್ನಿ’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸುಮಾರು 18 ಸೆಂಟಿಮೀಟರ್ ಎತ್ತರದ, ಕಣ್ಣು, ಮೂಗು, ಬಾಯಿ ಯಾವುದೂ ಇಲ್ಲದ ಈ ಬಿಳಿಯ ಗೊಂಬೆಯನ್ನು ಕೊಳ್ಳುವವರೇ ಬಣ್ಣ ಬಳಿಯಲೆಂದು ಮಾರಲಾಗುತ್ತಿತ್ತು. ಗೊಂಬೆ ಕಂಪನಿಯೊಂದು ತನ್ನ ಅಚ್ಚಿನ ಖರ್ಚನ್ನು ತಾನೇ ಹೊತ್ತು, ಮೇಲ್ಮೈಯನ್ನು ಜನರಿಗೆ ಬಿಟ್ಟುಕೊಟ್ಟಿತು. ಲೋಹದ ಅಚ್ಚಿಗೆ ಹಣ ಹಾಕಲಾಗದ ಯಾವ ಕಲಾವಿದರಿಗಾದರೂ ಅಂಗಡಿಯ ಬೆಲೆಯಲ್ಲಿ ಒಂದು ಸಿದ್ಧ ಶಿಲ್ಪ ಸಿಕ್ಕಿತು. ಒಂದೇ ಬೋಳು ಗೊಂಬೆಯನ್ನು ಹಲವು ಕಲಾವಿದರ ಕೈಗಿತ್ತು, ಅವರು ಮರಳಿಸಿದ್ದನ್ನು ಸಾಲಾಗಿ ನಿಲ್ಲಿಸುವ ಪ್ರದರ್ಶನಗಳು ಆಗ ಸಾಮಾನ್ಯವಾದವು. ಆಕಾರ ಎಲ್ಲರಿಗೂ ಒಂದೇ ಆಗಿರುವುದರಿಂದ ಒಬ್ಬೊಬ್ಬರ ಕೈಚಳಕ ನೇರವಾಗಿ ಎದ್ದು ಕಾಣುತ್ತದೆ. ಒಂದೇ ರಾಗವನ್ನು ಬೇರೆ ಬೇರೆ ಗಾಯಕರ ಬಾಯಲ್ಲಿ ಕೇಳಿದವರಿಗೆ ಈ ಸುಖ ಪರಿಚಿತ. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಕೂಡ ಕಿಡ್‌ರೋಬಾಟ್ ಗೊಂಬೆಗಳನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿದೆ.

ಇನ್ನು ತಿದ್ದುವ ಕೆಲಸ. ಹೀಗೆ ತಿದ್ದಿದ ಒಂಟಿ ಗೊಂಬೆಯನ್ನು ‘ಕಸ್ಟಮ್’ ಎಂದೂ, ತಿದ್ದುವವರನ್ನು ‘ಕಸ್ಟಮೈಸರ್’ ಎಂದೂ ಕರೆಯುತ್ತಾರೆ. ಮೊದಲ ಕೆಲಸ ಅಂಗಾಂಗಗಳನ್ನು ಬಿಡಿಸುವುದು. ಕತ್ತಿನ ಕೆಳಗೆ ಮುಂಡದೊಳಕ್ಕೆ ಹೊಕ್ಕು ಕೂತಿರುವ ಅಂಚೊಂದು ಇರುತ್ತದೆ. ತಣ್ಣಗಿರುವಾಗ ಎಳೆದರೆ ಅದು ಹರಿದೀತು. ಬಿಸಿನೀರಿನಲ್ಲಿ ಅದ್ದಿದರೆ ಅಥವಾ ಕೂದಲು ಒಣಗಿಸುವ ಡ್ರೈಯರಿನಿಂದ ಬಿಸಿಗಾಳಿ ಕೊಟ್ಟರೆ ವಿನೈಲ್ ಮೆತ್ತಗಾಗಿ, ತಲೆ ತಿರುಚಿದಾಗ ಸಲೀಸಾಗಿ ಕಳಚಿಕೊಳ್ಳುತ್ತದೆ. ಬಳಿಕ ಪಾತ್ರೆ ತೊಳೆಯುವ ಸೋಪಿನಿಂದ ಚೆನ್ನಾಗಿ ತೊಳೆಯಬೇಕು. ಕಾರ್ಖಾನೆಯ ಜಿಡ್ಡು ಮೈಮೇಲೆ ಉಳಿದಿದ್ದರೆ ಬಣ್ಣ ಹಿಡಿಯುವುದಿಲ್ಲ.

ಆಕಾರವನ್ನು ಬದಲಿಸುವವರು ಎರಡು ಭಾಗಗಳನ್ನು ಕಲಸಿದಾಗ ಗಟ್ಟಿಯಾಗುವ ಎಪಾಕ್ಸಿ ಪುಟ್ಟಿಯನ್ನು ಬಳಸುತ್ತಾರೆ. ಕಲಸಿದ ಒಂದೆರಡು ಗಂಟೆ ಅದು ಚಪಾತಿ ಹಿಟ್ಟಿನಂತೆ ಹೇಳಿದ ಮಾತು ಕೇಳುತ್ತದೆ, ಮಾರನೆಯ ದಿನಕ್ಕೆ ಕಲ್ಲು. ತೊಂದರೆಯೆಂದರೆ ತೂಕ. ಟೊಳ್ಳು ಗೊಂಬೆಯ ತಲೆಯ ಮೇಲೆ ದಪ್ಪನಾಗಿ ಪುಟ್ಟಿ ಮೆತ್ತಿದರೆ ಬೇಸಿಗೆಯ ಸೆಕೆಗೆ ಕಾಲುಗಳು ಮೆಲ್ಲಗೆ ಬಾಗಿ ಗೊಂಬೆ ಒಂದು ಕಡೆ ವಾಲತೊಡಗುತ್ತದೆ. ಆದ್ದರಿಂದ ಅನುಭವಸ್ಥರು ಒಳಗೆ ಮುದುಡಿದ ಅಲ್ಯೂಮಿನಿಯಂ ಹಾಳೆಯಂಥ ಹಗುರ ವಸ್ತುವನ್ನಿಟ್ಟು, ಮೇಲೆ ತೆಳುವಾಗಿ ಪುಟ್ಟಿ ಹಚ್ಚುತ್ತಾರೆ. ಉಪ್ಪುಕಾಗದದಿಂದ ಪುಟ್ಟಿಯನ್ನು ನುಣ್ಣಗೆ ಉಜ್ಜಬಹುದು, ಆದರೆ ವಿನೈಲನ್ನು ಉಜ್ಜುವುದು ಕಷ್ಟ, ಅದು ರಬ್ಬರಿನಂತೆ ಎಳೆದಾಡಿ ಜುಂಗು ಬಿಡುತ್ತದೆ.

ಹೊಸಬರು ಎಡವುವುದು ಬಣ್ಣದಲ್ಲಿ. ಬಿಳಿಯ ಗೊಂಬೆಗೆ ಡಬ್ಬಿಯ ಸ್ಪ್ರೇ ಎನಾಮಲ್ ಹೊಡೆದರೆ ಮೊದಲ ದಿನ ಅದು ಚಂದವಾಗಿ ಹೊಳೆಯುತ್ತದೆ. ವಾರ ಕಳೆದರೂ ಆರುವುದಿಲ್ಲ, ತಿಂಗಳ ಮೇಲೂ ಬೆರಳಿಗೆ ಅಂಟುತ್ತದೆ. ಮೊದಲು ಹೇಳಿದ ಪ್ಲಾಸ್ಟಿಸೈಸರ್ ವಿನೈಲಿನಲ್ಲಿ ಭದ್ರವಾಗಿ ಬೆಸೆದುಕೊಂಡಿರುವುದಿಲ್ಲ. ಅದು ನಿಧಾನವಾಗಿ ಮೇಲ್ಮೈಗೆ ಒಸರುತ್ತ, ಅಲ್ಲಿರುವ ಬಣ್ಣದ ಪದರವನ್ನೂ ಮೆತ್ತಗೆ ಮಾಡುತ್ತದೆ. ನೀರಿನಲ್ಲಿ ಕರಗುವ ಅಕ್ರಿಲಿಕ್ ಬಣ್ಣಕ್ಕೆ ಈ ಕಾಟ ಕಡಿಮೆ, ಹಾಗಾಗಿ ಹೆಚ್ಚಿನವರು ಅದನ್ನೇ ತೆಳುವಾದ ಹಲವು ಪದರಗಳಲ್ಲಿ ಕುಂಚದಿಂದಲೋ ಏರ್‌ಬ್ರಷ್‌ನಿಂದಲೋ ಹಚ್ಚುತ್ತಾರೆ. ಜಪಾನಿನ ಸೊಫುಬಿ ಕಲಾವಿದರು ವಿನೈಲಿಗೆಂದೇ ತಯಾರಾದ, ಅದರ ಮೇಲ್ಮೈಯನ್ನು ತುಸು ಕರಗಿಸಿ ಕಚ್ಚಿಕೊಳ್ಳುವ ಬಣ್ಣಗಳನ್ನು ಬಳಸುತ್ತಾರೆ. ಚನ್ನಪಟ್ಟಣದ ಕುಶಲಕರ್ಮಿ ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ, ಉಜ್ಜಿದ ಬಿಸಿಗೇ ಬಣ್ಣ ಕರಗಿ ಕೂರುವಂತೆ ಮಾಡುವುದನ್ನು ಕಂಡವರಿಗೆ, ಬಣ್ಣ ವಸ್ತುವಿನ ಮೇಲೆ ಕೂರುವುದಕ್ಕೂ ಅದನ್ನು ಕಚ್ಚಿ ಹಿಡಿಯುವುದಕ್ಕೂ ಇರುವ ಅಂತರ ಬೇಗ ತಿಳಿಯುತ್ತದೆ.

ಕೀಲುಗಳ ಸಮಸ್ಯೆ ಬೇರೆ. ಕೈ ತಿರುಗಿಸಿದಾಗಲೆಲ್ಲ ಭುಜದ ಬಳಿ ಬಣ್ಣ ಸವೆಯುತ್ತದೆ. ಕೆಲವರು ಕೀಲಿನ ಒಳಭಾಗವನ್ನು ತುಸು ಕೆತ್ತಿ ಜಾಗ ಮಾಡುತ್ತಾರೆ. ಕೆಲವರು ಕೈಯನ್ನು ಅಂಟಿನಿಂದ ಕಾಯಂ ಆಗಿ ನಿಲ್ಲಿಸಿಬಿಡುತ್ತಾರೆ. ಎಲ್ಲ ಮುಗಿದ ಮೇಲೆ ಹೊಳಪಿಲ್ಲದ ವಾರ್ನಿಷಿನ ಒಂದು ಪದರ.

ಇಷ್ಟು ಸಾಮಾನ್ಯ ಹತಾರುಗಳಿಂದ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಇಂಗ್ಲೆಂಡಿನ ಡಾಕ್ಟರ್ ಎ ಎಂಬ ಹೆಸರಿನ ಕಲಾವಿದರ ಕೃತಿಗಳನ್ನು ನೋಡಬೇಕು. ಅವರ ಕೈಯಲ್ಲಿ ದುಂಡು ವಿನೈಲ್ ಗೊಂಬೆಗಳು ವಿಕ್ಟೋರಿಯಾ ರಾಣಿಯ ಕಾಲದ ಹಿತ್ತಾಳೆಯ ಯಂತ್ರಮಾನವರಾಗುತ್ತವೆ. ಒಬ್ಬೊಬ್ಬನಿಗೂ ಒಂದು ಹೆಸರು, ಒಂದು ಕಸುಬು, ಒಂದು ಕಥೆ. ಅದೇ ದೇಶದ ಜಾನ್‌-ಪಾಲ್ ಕೈಸರ್ ಇದಕ್ಕೆ ತದ್ವಿರುದ್ಧವಾಗಿ ಕಪ್ಪು ಬಿಳುಪಿನಲ್ಲೇ ಹೆಸರು ಮಾಡಿದವರು. ನೆರಳು ಬೆಳಕಿನ ಗೆರೆಗಳಿಂದಲೇ ಗೊಂಬೆಯ ಮೈಯನ್ನು ಮುದ್ರಿತ ಚಿತ್ರದಂತೆ ಕಾಣಿಸುತ್ತಾರೆ. ಅಮೆರಿಕದಲ್ಲಿ ನೆಲೆಸಿದ ಹಕ್ ಗೀ ಡನ್ನಿಗೆ ಯೋಧರ ಉಡುಪು, ಆಯುಧಗಳನ್ನು ತೊಡಿಸುತ್ತಾರೆ. ಗೋಡೆಬರಹದ ಹಿನ್ನೆಲೆಯಿಂದ ಬಂದ ಸ್ಕೆಟ್ ಒನ್ ಅವರು ಅದೇ ಡನ್ನಿಯನ್ನು ಕೆಚಪ್ ಬಾಟಲಿಯಂತೆ ಚಿತ್ರಿಸಿದ್ದಾರೆ. ಆಕಾರಕ್ಕೆ ಒಂದು ಗುಲಗಂಜಿಯಷ್ಟು ಪುಟ್ಟಿಯನ್ನೂ ಸೇರಿಸದೆ, ನೋಡುವ ಕಣ್ಣಿಗೆ ಅದು ಏಕಕಾಲಕ್ಕೆ ಮೊಲವೂ ಬಾಟಲಿಯೂ ಆಗುವಂತೆ ಮಾಡುವ ಈ ಬಗೆಯೇ ನನಗೆ ಹೆಚ್ಚು ಹಿಡಿಸುತ್ತದೆ. ಕೆಳಗಿನ ಗೊಂಬೆ ಯಾವುದೆಂದೇ ಗೊತ್ತಾಗದಂತೆ ಪುಟ್ಟಿಯಲ್ಲಿ ಮುಳುಗಿಸಿದ ಕೃತಿ ಎಷ್ಟೇ ಸೊಗಸಾಗಿದ್ದರೂ, ಅದಕ್ಕೆ ಡನ್ನಿಯೇ ಏಕೆ ಬೇಕಿತ್ತು ಎಂಬ ಪ್ರಶ್ನೆ ಉಳಿದುಬಿಡುತ್ತದೆ. ಅಚ್ಚು ಕೊಟ್ಟ ಮಿತಿಯೊಂದಿಗೆ ಕಲಾವಿದ ಜಗಳವಾಡುವುದು ಕಾಣಬೇಕು.

ಸ್ವಂತ ಆಕಾರವೇ ಬೇಕೆನ್ನುವವರಿಗೆ ರೆಸಿನ್ ಎಂಬ, ಎರೆಯುವಾಗ ದ್ರವವಾಗಿದ್ದು ಆಮೇಲೆ ಗಟ್ಟಿಯಾಗುವ ಪ್ಲಾಸ್ಟಿಕ್ಕಿನ ನಡುದಾರಿಯಿದೆ. ಸಿಲಿಕಾನ್ ಅಚ್ಚನ್ನು ಮನೆಯಲ್ಲೇ ಮಾಡಿಕೊಂಡು ಅದರಲ್ಲಿ ರೆಸಿನ್ ಎರೆಯಬಹುದು, ಆದರೆ ಆ ಅಚ್ಚು ಕೆಲವು ಹತ್ತು ಎರಕಗಳಾದ ಮೇಲೆ ಹರಿಯತೊಡಗುತ್ತದೆ. ರೆಸಿನ್ ಗೊಂಬೆಗಳು ಇಪ್ಪತ್ತು, ಮೂವತ್ತರ ಸಣ್ಣ ಸಂಖ್ಯೆಯಲ್ಲಿ ಬರುವುದರ ಹಿಂದೆ ಬೇಡಿಕೆ ಏರಿಸುವ ಜಾಣತನ ಮಾತ್ರವಲ್ಲದೆ ಅಚ್ಚಿನ ಆಯಸ್ಸೂ ಇದೆ. ಬೇರೆಯವರ ಗೊಂಬೆಗೆ ಬಣ್ಣ ಬಳಿದು ಮಾರುವುದನ್ನು ಈ ಬಳಗ ಗೌರವಿಸುತ್ತದೆ. ಆದರೆ ಬೇರೆಯವರ ಗೊಂಬೆಯಿಂದ ಗುಟ್ಟಾಗಿ ಅಚ್ಚು ತೆಗೆದು ಎರಕ ಹೊಯ್ಯುವುದನ್ನು ಕಳ್ಳತನವೆಂದೇ ಎಣಿಸುತ್ತದೆ.

ಇಂದು ಈ ಗೊಂಬೆಗಳ ಹೆಸರು ಹೆಚ್ಚಾಗಿ ಕೇಳಿಬರುವುದು ‘ಬ್ಲೈಂಡ್ ಬಾಕ್ಸ್’ ಕಾರಣದಿಂದ: ಒಳಗೆ ಯಾವುದಿದೆ ಎಂದು ತಿಳಿಯದೆ ಕೊಳ್ಳುವ ಮುಚ್ಚಿದ ಪೆಟ್ಟಿಗೆ. 12 ಬಗೆಯ ಗೊಂಬೆಗಳ ಸರಣಿಯಲ್ಲಿ ಪ್ರತಿಯೊಂದೂ ಸಮಾನ ಸಂಭವದಿಂದ ಸಿಗುತ್ತದೆ ಎಂದಿಟ್ಟುಕೊಂಡರೆ, ಒಂದೊಂದಾಗಿ ಕೊಳ್ಳುತ್ತ ಹೋಗುವವರಿಗೆ 12 ಬಗೆಗಳೂ ಕೈಸೇರಲು ಸರಾಸರಿ 37 ಪೆಟ್ಟಿಗೆಗಳು ಬೇಕು. ಕೊನೆಯ ಒಂದೇ ಒಂದು ಬಗೆಗಾಗಿ ಸರಾಸರಿ 12 ಪೆಟ್ಟಿಗೆಗಳನ್ನು ಒಡೆಯಬೇಕಾಗುತ್ತದೆ. ಇದರ ಮೇಲೆ ‘ಚೇಸ್’ ಅಥವಾ ‘ಸೀಕ್ರೆಟ್’ ಎಂಬ ಅಪರೂಪದ ಗೊಂಬೆ ಬೇರೆ ಇರುತ್ತದೆ. ಒಂದೇ ಬಗೆ ಎರಡು ಸಲ ಬರದಂತೆ ಜೋಡಿಸಿದ ಇಡೀ ಕಟ್ಟನ್ನೇ ಕೆಲವರು ಕೊಳ್ಳುವುದು, ಮಿಕ್ಕವರು ತಮ್ಮಲ್ಲಿ ಎರಡೆರಡಾಗಿರುವುದನ್ನು ಅದಲು ಬದಲು ಮಾಡಿಕೊಳ್ಳುವುದು ಈ ಲೆಕ್ಕ ತಿಳಿದೇ. ಚೀನಾದ ಪಾಪ್ ಮಾರ್ಟ್ ಕಂಪನಿ ಇದನ್ನು ದೊಡ್ಡ ಉದ್ಯಮವಾಗಿ ಬೆಳೆಸಿತು. ಹಾಂಗ್‌ಕಾಂಗ್ ಮೂಲದ ಕಾಸಿಂಗ್ ಲಂಗ್ 2015ರಲ್ಲಿ ಸೃಷ್ಟಿಸಿದ ಲಬೂಬು 2019ರಲ್ಲಿ ಆ ಕಂಪನಿಯ ತೆಕ್ಕೆಗೆ ಬಂದು, 2025ರ ಜೂನಿನಲ್ಲಿ ಮನುಷ್ಯನೆತ್ತರದ ಒಂದು ಲಬೂಬು ಬೀಜಿಂಗಿನ ಹರಾಜಿನಲ್ಲಿ 10.8 ಲಕ್ಷ ಯುವಾನಿಗೆ ಹೋಯಿತು. ಭಾರತದಲ್ಲಿ ಆಟಿಕೆಗಳ ಮೇಲಿನ ಮೂಲ ಆಮದು ಸುಂಕವನ್ನು 2020ರಲ್ಲಿ ಶೇ. 20ರಿಂದ 60ಕ್ಕೂ 2023ರಲ್ಲಿ ಶೇ. 70ಕ್ಕೂ ಏರಿಸಲಾಗಿರುವುದರಿಂದ, ವಿದೇಶದಿಂದ ಬರುವ ಅಸಲಿ ಗೊಂಬೆ ಬೆಂಗಳೂರಿನ ಸಂಗ್ರಾಹಕರ ಕೈಸೇರುವ ಹೊತ್ತಿಗೆ ಬೆಲೆ ಬೇರೆಯೇ ಆಗಿರುತ್ತದೆ.

ಕಪಾಟಿನಲ್ಲಿ ಕೂತ ಗೊಂಬೆಗೂ ವಯಸ್ಸಾಗುತ್ತದೆ. ಕಿಟಕಿಯ ಬಿಸಿಲು ಬಿದ್ದರೆ ಬಿಳಿಯ ವಿನೈಲ್ ಹಳದಿಗೆ ತಿರುಗುತ್ತದೆ, ಗಾಳಿಯಾಡದ ಪೆಟ್ಟಿಗೆಯಲ್ಲಿ ಒಸರಿದ ಪ್ಲಾಸ್ಟಿಸೈಸರ್ ಮೈಯೆಲ್ಲ ಜಿಗುಟು ಮಾಡುತ್ತದೆ, ಕಾಲು ಸೋತು ವಾಲುತ್ತದೆ. ಹೀಗಾದ ಗೊಂಬೆಗೆ ಸಂಗ್ರಾಹಕರು ಮೂಗು ಮುರಿಯುತ್ತಾರೆ, ಬೆಲೆ ಇಳಿಯುತ್ತದೆ. ಕಸ್ಟಮೈಸರುಗಳು ಕಾಯುತ್ತಿರುವುದು ಅಂಥವಕ್ಕೇ. ಅಗ್ಗಕ್ಕೆ ಸಿಕ್ಕ ಹಳದಿ ಡನ್ನಿಯನ್ನು ಬಿಸಿನೀರಿನಲ್ಲಿ ಅದ್ದಿ ಕಾಲನ್ನು ನೆಟ್ಟಗೆ ಮಾಡಿ, ತಣ್ಣೀರಿನಲ್ಲಿ ಹಿಡಿದು ನಿಲ್ಲಿಸಿ, ಬಟ್ಟೆಯ ತುದಿಗೆ ಅಸಿಟೋನ್ ಹಚ್ಚಿ ಕಾರ್ಖಾನೆಯ ಬಣ್ಣವನ್ನು ಒರೆಸಿ ತೆಗೆಯುತ್ತಾರೆ. ಈ ಕೆಲಸವನ್ನು ಬೇಗ ಬೇಗ ಮುಗಿಸಬೇಕು, ತಡವಾದರೆ ಅಸಿಟೋನ್ ವಿನೈಲನ್ನೇ ತಿನ್ನುತ್ತದೆ. ಬಣ್ಣ ಹೋದ ಮೇಲೆ ಸೋಪಿನ ನೀರಿನಲ್ಲಿ ತೊಳೆದು, ತಲೆಯನ್ನೂ ಮುಂಡವನ್ನೂ ಬೇರೆ ಬೇರೆಯಾಗಿ ನೆರಳಿನಲ್ಲಿ ಒಣಗಲು ಇಡುತ್ತಾರೆ.